ಸನ್ನಿ ಇಲ್ಲದ ವಾರ್ಡು

ಸ್ತಿಮಿತ ಬಂದ ಮೇಲೆ ಮಹಿಳಾ ವಾರ್ಡಿನಲ್ಲಿ ಮೊದಲ ಸಲ ಫ್ಯಾನಿನ ಸದ್ದು ಕೇಳಿಸಿತು. ಫ್ಯಾನುಗಳು ಹಿಂದಿನಿಂದಲೂ ಗಿರ್ರೆನ್ನುತ್ತಲೇ ಇದ್ದವು. ಅದು ಕಿವಿಗೆ ಬೀಳುವಷ್ಟು ಮೌನ ಅಲ್ಲಿ ಎಂದೂ ಇರಲಿಲ್ಲ, ಅಷ್ಟೆ.

ಹೊಸಹಾಳದ ಮಾನಸಿಕ ಆಸ್ಪತ್ರೆ ಊರ ಹೊರಗೆ, ಹತ್ತಿ ಗಿರಣಿಗಳನ್ನು ದಾಟಿದ ಮೇಲೆ ಸಿಗುತ್ತದೆ. ಡಾಕ್ಟರ್ ಇಂದುಮತಿ ಕೊಪ್ಪದ ಅವರು ಕೆಲಸಕ್ಕೆ ಸೇರಿದ್ದೂ ಅಲ್ಲೇ, ತಲೆ ಬೆಳ್ಳಗಾದದ್ದೂ ಅಲ್ಲೇ. ಮಹಿಳಾ ವಾರ್ಡು ಅವರ ಪಾಲಿಗೆ ಬಂದಾಗಿನಿಂದ ಅವರನ್ನು ದಣಿಸಿದ್ದು ರೋಗಿಗಳ ಹುಚ್ಚಲ್ಲ, ಸನ್ನಿ.

ಹೊರಗಿನವರಿಗೆ ಎರಡೂ ಒಂದೇ. ಒಬ್ಬಾಕೆ ಗೋಡೆಯ ಜೊತೆ ಮಾತಾಡುತ್ತಾಳೆ, ಇಲ್ಲದ ಇರುವೆಗಳನ್ನು ಹಾಸಿಗೆಯಿಂದ ಗುಡಿಸುತ್ತಾಳೆ, ಮಗಳನ್ನು ಅತ್ತೆಯೆಂದು ಕರೆಯುತ್ತಾಳೆ ಎಂದರೆ, ಹುಚ್ಚಾಸ್ಪತ್ರೆಯಲ್ಲಿ ಇದ್ದಾಳಲ್ಲ, ಮತ್ತೇನು ಮಾಡಿಯಾಳು ಎನ್ನುತ್ತಾರೆ. ಆದರೆ ಸನ್ನಿ ಮೈಯ ಕೂಗು. ಎಲ್ಲೋ ಸೋಂಕಾಗಿರುತ್ತದೆ, ರಕ್ತದಲ್ಲಿ ಉಪ್ಪಿನಂಶ ಇಳಿದಿರುತ್ತದೆ, ಮೂತ್ರ ಕಟ್ಟಿರುತ್ತದೆ, ಅಥವಾ ವೈದ್ಯರೇ ಕೊಟ್ಟ ಗುಳಿಗೆ ಹೆಚ್ಚಾಗಿರುತ್ತದೆ. ಮಿದುಳು ತಾಳ ತಪ್ಪುತ್ತದೆ. ಬೇರೆ ಆಸ್ಪತ್ರೆಯಲ್ಲಾದರೆ ನೆಟ್ಟಗಿದ್ದ ಮನುಷ್ಯ ಒಮ್ಮೆಲೇ ಹೀಗಾದನಲ್ಲ ಎಂದು ಎಲ್ಲರೂ ಓಡಿ ಬರುತ್ತಾರೆ. ಇಲ್ಲಿ ಹಳೆಯ ಕಾಯಿಲೆ ಕೆರಳಿತೆಂದುಕೊಂಡು ಇನ್ನೊಂದು ಇಂಜೆಕ್ಷನ್ ಕೊಡುತ್ತಾರೆ. ಹಾಗೆ ಕೊಟ್ಟ ಇಂಜೆಕ್ಷನ್ನಿನ ಮೇಲೆ ಪ್ರಾಣ ಬಿಟ್ಟವರನ್ನು ಇಂದುಮತಿ ಕಂಡಿದ್ದರು. ಸ್ತಿಮಿತದ ಪ್ರಯೋಗಕ್ಕೆ ಯಾವ ಆಸ್ಪತ್ರೆ ಮುಂದೆ ಬರುತ್ತದೆ ಎಂದು ಆರೋಗ್ಯ ಇಲಾಖೆ ಕೇಳಿದಾಗ ಅವರು ಮೊದಲಿಗರಾಗಿ ಕೈ ಎತ್ತಿದ್ದು ಅದಕ್ಕೇ.

ಸ್ತಿಮಿತ ಎಂದರೆ ಹಣೆಗೆ ಕಟ್ಟುವ ಎರಡು ಬೆರಳಗಲದ ಬೂದುಬಣ್ಣದ ಪಟ್ಟಿ. ಎರಡೂ ಕಿವಿಗಳ ಹಿಂದೆ ಒಂದೊಂದು ಗುಂಡಿ. ಸನ್ನಿ ಹಿಡಿದಾಗ ಮಿದುಳಿನ ವಿದ್ಯುತ್ ಅಲೆಗಳು ನಿಧಾನವಾಗುತ್ತವೆ. ಪಟ್ಟಿ ಆ ನಿಧಾನವನ್ನು ಗುರುತಿಸುತ್ತದೆ, ಮತ್ತು ಕೋಲಾಟದಲ್ಲಿ ತಾಳ ತಪ್ಪಿದವನಿಗೆ ಪಕ್ಕದವನು ಕೋಲು ಕುಟ್ಟಿ ತಾಳ ಹಿಡಿಸುವಂತೆ ಕಿವಿಯ ಹಿಂದಿನಿಂದ ಸಣ್ಣಗೆ ಮಿಡಿಯುತ್ತ ಅಲೆಗಳನ್ನು ದಾರಿಗೆ ತರುತ್ತದೆ. ರೋಗಿಗೆ ಅದು ತಿಳಿಯುವುದೂ ಇಲ್ಲ. ಕೆಲವು ನಿಮಿಷಗಳಲ್ಲಿ ಆಕೆ ತಾನೆಲ್ಲಿದ್ದೇನೆ, ಇವತ್ತು ಯಾವ ವಾರ ಎಂದು ಹೇಳಬಲ್ಲಳು. ಪಟ್ಟಿ ಎಷ್ಟು ಜೋರಾಗಿ ಮಿಡಿಯಬೇಕಾಯಿತು ಎಂಬುದಕ್ಕೆ ಒಂದರಿಂದ ಹತ್ತರವರೆಗೆ ಅಳತೆ ಇತ್ತು. ಅದಕ್ಕೆ ಶ್ರಮಾಂಕ ಎಂದು ಹೆಸರು. ಎರಡು ದಾಟಿದರೆ ನಿಯಂತ್ರಣ ಕೊಠಡಿಯಲ್ಲಿ ಸೂಚನೆ ಬರುತ್ತಿತ್ತು. ಸೂಚನೆ ಬಂದರೆ ವೈದ್ಯರು ಹೋಗಿ ಮೈಯಲ್ಲಿ ಏನಾಗಿದೆ ಎಂದು ಹುಡುಕಬೇಕು. ನಿಯಮ ಸರಿಯಾಗಿಯೇ ಇತ್ತು.

ಮೊದಲ ತಿಂಗಳುಗಳಲ್ಲಿ ಹುಡುಕಿದರು ಕೂಡ. ವಾರ್ಡಿನ ಹಿರಿಯ ನರ್ಸ್ ಮೇಬಲ್ ಸಿಸ್ಟರ್ ಸೂಚನೆ ಬಂದ ಕೂಡಲೇ ಥರ್ಮಾಮೀಟರ್ ಹಿಡಿದು ಹೊರಡುತ್ತಿದ್ದರು. ಬರಬರುತ್ತ ಅವರು ಚಹಾ ಬಿಸಿಯಿರುವಾಗಲೇ ಕುಡಿಯುವಂತಾಯಿತು. ಯಾರನ್ನೂ ಮಂಚಕ್ಕೆ ಕಟ್ಟಬೇಕಾಗಲಿಲ್ಲ. ಒಂದು ದಿನ ಅವರು ಇಂದುಮತಿಯವರ ಮುಂದೆ ಕುಳಿತು, "ಮೇಡಂ, ನಿನ್ನೆ ನಾ ಮನಿಗೆ ಹೋಗಿ ನಮ್ಮ ಯಜಮಾನ್ರ ಜೋಡಿ ಮಾತಾಡಿದೆ. ಅವರು, ನಿನಗ ಏನರ ಆಗೇತೇನು ಅಂತ ಕೇಳಿದ್ರು," ಎಂದರು. ಇಬ್ಬರೂ ನಕ್ಕರು.

ಸ್ತಿಮಿತದಿಂದ ಅತಿ ಹೆಚ್ಚು ಲಾಭವಾದದ್ದು ಚಂದ್ರವ್ವನಿಗೆ.

ಚಂದ್ರವ್ವ ಹಡಗಲಿ ಈ ಆಸ್ಪತ್ರೆಗೆ ಬಂದಾಗ ನಡುವಯಸ್ಸಿನವಳು, ಈಗ ಮುದುಕಿ. ಅವಳಿಗೆ ಕೇಳುತ್ತಿದ್ದ ದನಿಗಳು ಗುಳಿಗೆಗಳಿಂದ ಎಷ್ಟೋ ವರ್ಷಗಳ ಹಿಂದೆಯೇ ಅಡಗಿದ್ದವು. ಆದರೆ ಗಂಡ ಫಕೀರಪ್ಪ ಮನೆಗೆ ಕರೆದೊಯ್ದಾಗಲೆಲ್ಲ ಸಣ್ಣ ಜ್ವರಕ್ಕೋ ನಿದ್ದೆಗೇಡಿಗೋ ಸನ್ನಿ ಹತ್ತುತ್ತಿತ್ತು. ಸೀರೆ ಜಾರಿದ್ದರ ಅರಿವಿಲ್ಲದೆ ಬೀದಿಗೆ ಓಡುತ್ತಿದ್ದಳು. ಓಣಿಯವರು ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ಫಕೀರಪ್ಪ ಮತ್ತೆ ಆಟೋದಲ್ಲಿ ಕೂರಿಸಿಕೊಂಡು ಬಂದು ಬಿಡುತ್ತಿದ್ದ. ಪ್ರತಿ ಸೋಮವಾರ ತನ್ನ ಹಿಟ್ಟಿನ ಗಿರಣಿ ಮುಚ್ಚಿ, ಹುಬ್ಬಿನ ಮೇಲಿನ ಹಿಟ್ಟನ್ನೂ ಒರೆಸದೆ ಬಂದು ಅವಳ ಪಕ್ಕ ಕುಳಿತು ಹೋಗುತ್ತಿದ್ದ.

ಪಟ್ಟಿ ಕಟ್ಟಿಕೊಂಡು ಚಂದ್ರವ್ವ ಮನೆಗೆ ಹೋದಳು. ಒಂದು ತಿಂಗಳಾಯಿತು, ಎರಡಾಯಿತು, ವಾಪಸು ಬರಲಿಲ್ಲ. ಸೋಮವಾರ ಗುಳಿಗೆಗೆ ಬಂದಾಗ ಫಕೀರಪ್ಪ ಹೇಳಿದ: "ಮುಂಜಾನೆ ಎದ್ದು ರೊಟ್ಟಿ ಬಡಿತಾಳ್ರಿ. ನನಗ ಅಂತಾಳ, ನಿಮಗ ಹಲ್ಲಿಲ್ಲ, ಮೆತ್ತಗ ಮಾಡೇನಿ ತಿನ್ರಿ ಅಂತ. ನನ್ನ ಹಲ್ಲು ಬಿದ್ದದ್ದು ಆಕಿಗೆ ಯಾವಾಗ ಗೊತ್ತಾತೋ ಏನೋ." ಹೇಳುವಾಗ ಅವನ ಕಣ್ಣು ನೆಲ ನೋಡುತ್ತಿತ್ತು. ಪಟ್ಟಿಯ ಮೇಲೆ ಸೆರಗು ಹೊದ್ದುಕೊಂಡರೆ ಓಣಿಯಲ್ಲಿ ಯಾರಿಗೂ ಏನೂ ಕಾಣುವುದಿಲ್ಲವೆಂದೂ, ಅವಳು ಗಿರಣಿಯಲ್ಲಿ ಕುಳಿತು ಯಾರ ಡಬ್ಬಿ ಯಾವುದೆಂದು ನೆನಪಿಟ್ಟು ಕೊಡುತ್ತಾಳೆಂದೂ ಹೇಳಿದ.

ಇಂದುಮತಿ ಅಂದು ಹಗುರಾಗಿ ಮನೆಗೆ ಹೋದರು. ಮನೆಯಲ್ಲಿದ್ದವರು ಅಕ್ಕ ವತ್ಸಲಾ ಒಬ್ಬರೇ. ಹಿಂದಿ ಟೀಚರಾಗಿ ನಿವೃತ್ತರಾದವರು. ಇನ್ನೂ ಬಿಸಿಲಿದ್ದಾಗಲೇ ತಂಗಿ ಬಾಗಿಲಲ್ಲಿ ನಿಂತದ್ದು ಕಂಡು, "ಯಾಕ, ಮೈಯಾಗ ಆರಾಮ ಇಲ್ಲೇನು?" ಎಂದರು.

"ಆರಾಮ ಅದೀನಿ. ಕೆಲಸ ಮುಗೀತು."

"ನಿನ್ನ ಕೆಲಸ ಮುಗಿಯೋದು ಅಂದ್ರ ಏನು?" ಎನ್ನುತ್ತ ವತ್ಸಲಾ ಅವಲಕ್ಕಿ ಕಲಸಲು ಎದ್ದರು.

ನಿಯಂತ್ರಣ ಕೊಠಡಿಯೆಂದರೆ ಹಳೆಯ ಉಗ್ರಾಣವನ್ನು ಸುಣ್ಣ ಬಳಿದು ಸರಿಪಡಿಸಿದ ಕೋಣೆ. ಗೋಡೆಗೆ ನಾಲ್ಕು ಪರದೆ. ಅವುಗಳ ಮುಂದೆ ಇಂಜಿನಿಯರ್ ತೌಸೀಫ್ ಮುಲ್ಲಾ. ಪುರುಷರ ವಾರ್ಡು, ವೃದ್ಧರ ವಾರ್ಡು, ಮನೆಗೆ ಹೋದವರು, ಎಲ್ಲರ ಪಟ್ಟಿಗಳೂ ಅಲ್ಲಿಗೇ ವರದಿ ಒಪ್ಪಿಸುತ್ತಿದ್ದವು. ಮಳೆಗಾಲ ಮುಗಿಯುವ ಹೊತ್ತಿಗೆ ಅವನು ಇಂದುಮತಿಯವರನ್ನು ಕರೆದು ಪರದೆ ತೋರಿಸಿದ.

"ನೋಡ್ರಿ ಮೇಡಂ, ಮುಂಜಾನಿಯಿಂದ ಇಷ್ಟು ಸೂಚನಾ. ಯಾರೂ ತೆರೆದು ನೋಡಂಗಿಲ್ಲ. ಒಬ್ಬಾಕಿಗೆ ನಿದ್ದಿ ಕಡಿಮಿ ಆದ್ರೂ ಎರಡು ದಾಟತೈತಿ. ಬ್ಯಾರೆ ಆಸ್ಪತ್ರಿಯವರು ಮಿತಿ ಆರಕ್ಕ ಏರಿಸ್ಯಾರ. ನಾವೂ ಏರಿಸಿದ್ರ ಖರೇನ ನೋಡಬೇಕಾದವು ಅಷ್ಟ ಉಳೀತಾವ."

ಮೇಬಲ್ ಸಿಸ್ಟರ್ ಬಾಗಿಲಲ್ಲಿ ನಿಂತಿದ್ದರು. "ಏರಿಸ್ರಿ ಮೇಡಂ. ಹತ್ತು ಸೂಚನೆಗೆ ಓಡಿದ್ರ ಒಂಬತ್ತರಾಗ ಏನೂ ಇರಂಗಿಲ್ಲ. ರೋಗಿ ಆರಾಮ ಕುಂತು ಮಾತಾಡ್ತಿರ್ತಾಳ. ರಕ್ತ ತಗೀಬೇಕು ಅಂದ್ರ, ನನಗೇನಾಗೇತಿ ಅಂತ ನನಗ ಬೈತಾಳ."

ಇಂದುಮತಿಗೆ ಅದು ತಪ್ಪೆನಿಸಲಿಲ್ಲ. ನಿಜವಾಗಿಯೂ ಎಲ್ಲರೂ ಸುಸ್ತಾಗಿದ್ದರು. ಇಬ್ಬರು ವೈದ್ಯರ ಹುದ್ದೆ ಖಾಲಿ ಬಿದ್ದು ವರ್ಷವಾಗಿತ್ತು. "ಆಗಲಿ, ಏರಿಸು," ಎಂದು ಅವರು ವಾರ್ಡಿಗೆ ಮರಳಿದರು.

ಮಹಿಳಾ ವಾರ್ಡಿನ ಸಾವಂತ್ರೆವ್ವ ತೀರಿಕೊಂಡದ್ದು ದೀಪಾವಳಿ ಕಳೆದ ಮೇಲೆ. ಬೆಳಗಿನ ಸುತ್ತಿನಲ್ಲಿ ಇಂದುಮತಿ ಅವಳ ಮಂಚದ ಬಳಿ ನಿಂತು ಮಾತಾಡಿಸಿದ್ದರು. "ಉಪ್ಪಿಟ್ಟಿಗೆ ಇವತ್ತ ಉಪ್ಪು ಹಾಕ್ಯಾರ್ರಿ ಡಾಕ್ಟರ," ಎಂದು ಅವಳು ಚೇಷ್ಟೆ ಮಾಡಿದ್ದಳು. ಊಟದ ಹೊತ್ತಿಗೆ ಎಬ್ಬಿಸಲು ಹೋದ ಆಯಾಳಿಗೆ ಅವಳ ಕೈ ತಣ್ಣಗೆ ಸಿಕ್ಕಿತು. ಹೊಟ್ಟೆಯೊಳಗೆ ಹುಣ್ಣೊಂದು ಒಡೆದು ಕೀವು ಹರಡಿತ್ತೆಂದು ಶವಪರೀಕ್ಷೆಯಲ್ಲಿ ಗೊತ್ತಾಯಿತು. ಅದು ಒಂದು ದಿನದ ಕೆಲಸವಲ್ಲ ಎಂದೂ ಪರೀಕ್ಷೆ ಮಾಡಿದವರು ಹೇಳಿದರು.

ಇಂದುಮತಿ ನಿಯಂತ್ರಣ ಕೊಠಡಿಗೆ ಹೋಗಿ ಸಾವಂತ್ರೆವ್ವನ ಶ್ರಮಾಂಕ ತೆಗೆಸಿದರು. ತೌಸೀಫ್ ಗೆರೆಯನ್ನು ಪರದೆಗೆ ತಂದ. ಅದು ಒಂದು ವಾರದಿಂದ ಏರುತ್ತಲೇ ಇತ್ತು. ಮೂರು, ನಾಲ್ಕು, ಐದು. ಕೊನೆಯ ಬೆಳಗ್ಗೆ ಐದೂಮುಕ್ಕಾಲು. ಆರು ದಾಟಿರಲಿಲ್ಲ.

ಸಾಯುವಷ್ಟು ರೋಗ ಮೈಯಲ್ಲಿಟ್ಟುಕೊಂಡ ಹೆಂಗಸು ಉಪ್ಪಿಟ್ಟಿನ ಉಪ್ಪಿನ ಬಗ್ಗೆ ಚೇಷ್ಟೆ ಮಾಡುವಂತೆ ಪಟ್ಟಿ ಅವಳ ಮಿದುಳನ್ನು ಎತ್ತಿ ಹಿಡಿದಿತ್ತು. ಸನ್ನಿ ಬಂದಿದ್ದರೆ ಅವಳು ಕಿರುಚುತ್ತಿದ್ದಳು, ಹಾಸಿಗೆ ಕೆದರುತ್ತಿದ್ದಳು. ಆಗ ಯಾರಾದರೂ ಬೈದುಕೊಂಡಾದರೂ ಹತ್ತಿರ ಬರುತ್ತಿದ್ದರು.

"ತೌಸೀಫ್, ಈಗ ಮೂರು ದಾಟಿದವರು ಯಾರ್ಯಾರು ಅದಾರ, ತೋರಸು," ಎಂದರು ಇಂದುಮತಿ.

ಹೆಸರುಗಳು ಬಂದವು. ವಾರ್ಡಿನ ಕೆಲವರು, ವೃದ್ಧರ ವಾರ್ಡಿನ ಕೆಲವರು. ಮನೆಗೆ ಹೋದವರಲ್ಲಿ ಒಬ್ಬಳು ಮಾತ್ರ: ಚಂದ್ರವ್ವ ಹಡಗಲಿ, ಐದೂವರೆ.

ವಾರ್ಡಿನವರನ್ನು ಪರೀಕ್ಷಿಸಲು ಮೇಬಲ್ ಸಿಸ್ಟರಿಗೆ ಹೇಳಿ, ಇಂದುಮತಿ ಆಸ್ಪತ್ರೆಯ ಜೀಪಿನಲ್ಲಿ ಫಕೀರಪ್ಪನ ಮನೆಗೆ ಹೊರಟರು.

ಗಿರಣಿ ನಡೆದಿತ್ತು. ಓಣಿಯ ತುಂಬ ಬಿಸಿ ಜೋಳದ ಹಿಟ್ಟಿನ ವಾಸನೆ. ಹಿಂದಿನ ಪಡಸಾಲೆಯಲ್ಲಿ ಚಂದ್ರವ್ವ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಡಾಕ್ಟರನ್ನು ಕಂಡವಳೇ ಎದ್ದು ಚಾಪೆ ಹಾಸಿದಳು. ಎದ್ದ ರೀತಿಯಲ್ಲಿ ಒಂದು ಬದಿಗೆ ವಾಲಿದಂತೆ ಇಂದುಮತಿಗೆ ಕಂಡಿತು.

"ಕುಂದರ್ರಿ ಡಾಕ್ಟರ. ಚಾ ಇಡ್ತೇನಿ."

"ಚಾ ಬ್ಯಾಡ ಚಂದ್ರವ್ವ. ಮೈಯಾಗ ಹೆಂಗೈತಿ?"

"ಆರಾಮ ಐತ್ರಿ."

"ಎಲ್ಲೆರೆ ನೋವು?"

"ಇಲ್ರಿ."

"ಊಟ?"

"ಮಾಡ್ತೇನ್ರಿ." ಅವಳು ಗಂಡನತ್ತ ನೋಡಿದಳು. ಫಕೀರಪ್ಪ ಗಿರಣಿಯ ಪಟ್ಟಾ ಬಿಚ್ಚಿ ಬಂದು ಕಂಬಕ್ಕೆ ಒರಗಿ ನಿಂತಿದ್ದ. "ಊಟ ಸ್ವಲ್ಪ ಕಡಿಮಿ ಆಗೇತ್ರಿ. ಆದ್ರ ಕೆಲಸ ಎಲ್ಲಾ ಮಾಡ್ತಾಳ. ಮಾತು ಕತಿ ನೆಟ್ಟಗ ಐತಿ," ಎಂದ.

ಇಂದುಮತಿ ನಾಡಿ ಹಿಡಿದರು. ಓಡುತ್ತಿತ್ತು. ಮೈ ಮುಟ್ಟಿದರೆ ಬಿಸಿಯಿರಲಿಲ್ಲ. ಸಾವಂತ್ರೆವ್ವನ ಸಂಗತಿಯನ್ನು ಹೆಸರು ಹೇಳದೆ ವಿವರಿಸಿದರು. ಪಟ್ಟಿ ಬಹಳ ಶ್ರಮಪಡುತ್ತಿದೆ, ಒಳಗೆ ಏನೋ ಇದೆ, ಈಗಲೇ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು ಎಂದರು. ಫಕೀರಪ್ಪನ ಮುಖ ಬಿಗಿಯಿತು.

"ಮತ್ತ ಆಸ್ಪತ್ರಿ ಅಂತೀರಲ್ರೀ. ಇಷ್ಟು ವರ್ಷದ ಮ್ಯಾಲ ಮನಿಯಾಗ ದೀಪ ಹಚ್ಚಾಕ ಒಬ್ರು ಅದಾರ ನನಗ."

"ನಮ್ಮ ಆಸ್ಪತ್ರಿಗೆ ಅಲ್ಲ ಫಕೀರಪ್ಪ. ಇದು ಮೈಯ ರೋಗ. ತೋರಿಸಿಕೊಂಡು ಮನಿಗೇ ಬರೂಣು."

ಚಂದ್ರವ್ವ ಮೊರ ಕೆಳಗಿಟ್ಟು, "ಹೋಗೂಣು ನಡೀರಿ," ಎಂದಳು.

ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಆ ಮಧ್ಯಾಹ್ನ ಎರಡು ಅಪಘಾತದ ಗಾಡಿಗಳು ಬಂದಿದ್ದವು. ಡ್ಯೂಟಿಯಲ್ಲಿದ್ದ ಡಾಕ್ಟರ್ ಗುರುಬಸವನ ಕಣ್ಣುಗಳು ಕೆಂಪಾಗಿದ್ದವು. ಆದರೂ ಬಂದು ನೋಡಿದ. ಜ್ವರವಿಲ್ಲ, ರಕ್ತದೊತ್ತಡ ಸ್ವಲ್ಪ ಕಡಿಮೆ. ಹೆಸರು ಕೇಳಿದ, ಹೇಳಿದಳು. ಊರು ಕೇಳಿದ, ಹೇಳಿದಳು. ನೂರರಿಂದ ಏಳೇಳು ಕಳೆಯಲು ಹೇಳಿದ, ಐದು ಸಲ ತಪ್ಪಿಲ್ಲದೆ ಕಳೆದಳು.

"ಮೇಡಂ, ಈಕಿ ನನಗಿಂತ ಹುಷಾರ ಅದಾಳ," ಎಂದ. "ಸ್ಕ್ಯಾನಿಂಗ್ ಒಂದೇ ಮಷಿನ್ನು, ಅಲ್ಲಿ ತಲಿ ಒಡದವರು ಕಾಯಾಕತ್ತಾರ. ನಾಳೆ ಓಪಿಡಿಗೆ ಕರಕೊಂಡು ಬರ್ರಿ. ರಕ್ತ ನಾಳೆ ಕಳಸೂಣು."

"ನಾಳೆ ತನಕ ಇರತಾಳೋ ಇಲ್ಲೋ ನನಗ ಗೊತ್ತಿಲ್ಲ."

"ಯಾವುದರ ಮ್ಯಾಲ ಹೇಳ್ತೀರಿ?"

"ಈ ಪಟ್ಟಿ ಮ್ಯಾಲ."

ಅವನು ಪಟ್ಟಿಯ ಬಗ್ಗೆ ಕೇಳಿದ್ದ, ಕಂಡಿರಲಿಲ್ಲ. ಅದರಲ್ಲಿನ ಒಂದು ಅಂಕಿ ಅವನಿಗೆ ಏನನ್ನೂ ಹೇಳಲಿಲ್ಲ. ಹೊರಗೆ ಯಾರೋ ಕರೆದರು, ಅವನು ಹೋದ.

ಇಂದುಮತಿ ಬೆಂಚಿನ ಮೇಲೆ ಚಂದ್ರವ್ವನ ಪಕ್ಕ ಕುಳಿತರು. ಅವರಿಗೆ ಉಳಿದಿದ್ದುದು ಒಂದೇ ದಾರಿ. ಕೊನೆಗೆ ಹೇಳಿದರು: "ಚಂದ್ರವ್ವ, ಈ ಪಟ್ಟಿ ಸ್ವಲ್ಪ ಹೊತ್ತು ತಗೀಬೇಕು. ನಿನ್ನ ಮೈಯಾಗ ಏನೈತಿ ಅನ್ನೋದು ಆಗ ಕಾಣತೈತಿ."

"ತಗದ್ರ ನಾ ಮತ್ತ ಹಂಗ ಆಕ್ಕೇನಿ."

"ಆಗಬಹುದು."

"ಇಷ್ಟು ಮಂದಿ ಮುಂದ?"

"ಹೂಂ."

ಫಕೀರಪ್ಪ, "ಬ್ಯಾಡ್ರಿ," ಎಂದ. ಮೆತ್ತಗೆ ಎಂದ, ಆದರೆ ಇಂದುಮತಿಯ ಕೈಯನ್ನು ಅಡ್ಡ ಹಿಡಿದೇ ಎಂದ. "ಮತ್ತ ಆಕಿ ನನ್ನ ಗುರುತು ಹಿಡಿಯಂಗಿಲ್ಲ. ಇವತ್ತ ಒಂದು ದಿನ ಬಿಡ್ರಿ. ನಾಳೆ ಬರ್ತೇವಿ."

ಚಂದ್ರವ್ವ ಗಂಡನ ಕೈಯನ್ನು ಕೆಳಗಿಳಿಸಿದಳು. ಎದ್ದು ಸೀರೆಯ ನೆರಿಗೆಗಳನ್ನು ಬಿಗಿಮಾಡಿಕೊಂಡಳು, ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು. "ನನ್ನ ಸೀರಿ ಕಡೆ ಲಕ್ಷ್ಯ ಇಟ್ಟಿರ್ರಿ," ಎಂದು ಫಕೀರಪ್ಪನಿಗೆ ಹೇಳಿ ಕುಳಿತು, ತಾನೇ ಎರಡೂ ಕೈಯಿಂದ ಪಟ್ಟಿ ಬಿಚ್ಚಿ ಇಂದುಮತಿಯ ಮಡಿಲಲ್ಲಿಟ್ಟಳು.

ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೊದಲು ಅವಳ ನೋಟ ಸಡಿಲವಾಯಿತು. ಬೆರಳುಗಳು ಗಾಳಿಯಲ್ಲಿ ಏನನ್ನೋ ಹೆಕ್ಕತೊಡಗಿದವು. ಆಮೇಲೆ ಒಮ್ಮೆಲೇ ಎದ್ದು, "ಬಂದ್ ಮಾಡ್ರಿ, ಕಲ್ಲು ಬಂದ್ ಮಾಡ್ರಿ," ಎಂದು ಕೂಗಿದಳು. ಫಕೀರಪ್ಪ ತನ್ನ ಹೆಗಲ ಟವೆಲನ್ನು ಅವಳ ಮೈಗೆ ಹೊದಿಸಿ ಹಿಡಿದುಕೊಂಡ. ಅವಳು ಅವನ ಎದೆಗೆ ಗುದ್ದಿದಳು. ಸಾಲಿನಲ್ಲಿ ನಿಂತವರು ಹಿಂದೆ ಸರಿದರು. ಒಬ್ಬಾಕೆ ಕೂಸಿನ ಕಣ್ಣು ಮುಚ್ಚಿದಳು.

ಗುರುಬಸವ ಓಡಿ ಬಂದ. ಕಂಡ ಕೂಡಲೇ ಅವನ ಮುಖದಲ್ಲಿ ಪ್ರಶ್ನೆಯ ಬದಲು ಉತ್ತರ ಮೂಡಿದ್ದನ್ನು ಇಂದುಮತಿ ಗಮನಿಸಿದರು. "ಮೇಡಂ, ಇದು ನಿಮ್ಮ ಕೇಸ್ ಅಲ್ಲೇನ್ರಿ? ಇಂಜೆಕ್ಷನ್ ಕೊಟ್ಟು ನಿಮ್ಮಲ್ಲಿಗೇ ಕರಕೊಂಡು ಹೋಗ್ರಿ. ಇಲ್ಲಿ ಹೆಂಗ ಇಟ್ಟುಕೊಳ್ಳೋದು?"

ಎಷ್ಟು ವರ್ಷಗಳಿಂದ, ಎಷ್ಟು ಬಾಯಿಗಳಿಂದ ಈ ಮಾತನ್ನು ಕೇಳಿದ್ದೇನೆ ಎಂದುಕೊಂಡರು ಇಂದುಮತಿ. ಬುದ್ಧಿ ನೆಟ್ಟಗಿದ್ದಾಗ ಅವಳಿಗೆ ರೋಗವಿಲ್ಲ. ಬುದ್ಧಿ ಕೆಟ್ಟಾಗ ಅವಳಿಗೆ ಇದ್ದದ್ದೇ ಒಂದು ರೋಗ. ಅವರಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ದಣಿವು. ಅವರು ದನಿ ಏರಿಸಲಿಲ್ಲ.

"ಗುರುಬಸವ, ಈಗ ಹತ್ತು ನಿಮಿಷದ ಹಿಂದ ನೂರರಾಗ ಏಳು ಕಳದಾಕಿ ಈಕಿನ. ಹುಚ್ಚು ಹತ್ತು ನಿಮಿಷದಾಗ ಹಿಂಗ ಬರಂಗಿಲ್ಲ. ಇದು ಸನ್ನಿ. ನಿಮ್ಮ ತಾಯಿಗೆ ಹಿಂಗಾಗಿದ್ರ ನೀವು ಮೊದಲು ಏನು ನೋಡ್ತಿದ್ರಿ? ಅದನ್ನ ನೋಡ್ರಿ. ಅಷ್ಟ ಸಾಕು."

ಅವನು ಅಲ್ಲಿಯೇ ನಿಂತ. ಚಂದ್ರವ್ವ ಈಗ ಕೂಗುತ್ತಿರಲಿಲ್ಲ, ಅಳುತ್ತಿದ್ದಳು. "ಬೆನ್ನಾಗ ಬೀಸಾಕತ್ತೈತಿ. ಬಂದ್ ಮಾಡ್ರಿ, ನನ್ನ ಬೆನ್ನಾಗ ಕಲ್ಲು ಬೀಸಾಕತ್ತೈತಿ."

"ಗಿರಣಿ ಬಂದ್ ಐತಿ ಚಂದ್ರಿ, ನಾನ ಬಂದ್ ಮಾಡಿ ಬಂದೇನಿ," ಎಂದ ಫಕೀರಪ್ಪ. ಹೇಳುತ್ತ ಹೇಳುತ್ತ ಏನೋ ಹೊಳೆದಂತೆ ತಲೆಯೆತ್ತಿದ. "ಡಾಕ್ಟರ, ಬೆನ್ನು ಅನ್ನಾಕತ್ತಾಳ್ರಿ. ಎಡಕ್ಕ ಮಕ್ಕೊಳ್ಳಂಗಿಲ್ಲ ಈಗ ಬಾಳ ದಿನದಿಂದ. ನಾ ಕೇಳಿದ್ರ ಏನಿಲ್ಲ ಅಂತಿದ್ಲು."

ಗುರುಬಸವ ಅವಳ ಬೆನ್ನ ಹಿಂದೆ ಹೋಗಿ, ಎಡಪಕ್ಕೆಯ ಕೆಳಗೆ ಮುಷ್ಟಿಯಿಂದ ಮೆಲ್ಲಗೆ ತಟ್ಟಿದ. ಚಂದ್ರವ್ವ ಬಿಲ್ಲಿನಂತೆ ಬಾಗಿದಳು.

ಆಮೇಲೆ ಅವನು ತಡಮಾಡದೆ ಸ್ಕ್ಯಾನಿಂಗ್ ಮಾಡಿಸಿದ. ಎಡ ಮೂತ್ರಪಿಂಡದ ನಾಳದಲ್ಲಿ ಕಲ್ಲು ಸಿಕ್ಕಿಕೊಂಡು, ಹಿಂದೆ ಕೀವು ತುಂಬಿತ್ತು. ಅದು ರಕ್ತಕ್ಕೂ ಇಳಿದಿತ್ತು. ಶಸ್ತ್ರಚಿಕಿತ್ಸಕರು ಬಂದು ಬೆನ್ನಿನಿಂದ ನಳಿಕೆ ಇಳಿಸಿದರು. ಫಕೀರಪ್ಪನ ಮನೆಯಿಂದ ಬಟ್ಟೆ ತರಿಸುವಾಗ ಅವಳ ಟ್ರಂಕಿನಲ್ಲಿ ಜ್ವರದ ಗುಳಿಗೆಗಳ ಖಾಲಿ ಹಾಳೆಗಳು ಸಿಕ್ಕವು. ಓಣಿಯ ಅಂಗಡಿಯಿಂದ ತಂದು ನುಂಗಿದ್ದಳು. ಜ್ವರ ಬಂದರೆ ಡಾಕ್ಟರಿಗೆ ಹೇಳುತ್ತಾರೆ, ಹೇಳಿದರೆ ಮತ್ತೆ ವಾರ್ಡಿಗೆ ಹಾಕುತ್ತಾರೆ ಎಂಬುದು ಅವಳ ಲೆಕ್ಕ. ಪಟ್ಟಿ ಅವಳ ಬುದ್ಧಿಯನ್ನು ನೆಟ್ಟಗಿಟ್ಟಿತ್ತು. ಆ ನೆಟ್ಟಗಿನ ಬುದ್ಧಿಯಿಂದ ಅವಳು ನೋವನ್ನು ಚೆನ್ನಾಗಿ ಮುಚ್ಚಿಟ್ಟಿದ್ದಳು.

ಕೀವು ಇಳಿದರೂ ಸನ್ನಿ ಇಳಿಯಲು ಬಹಳ ದಿನ ಹಿಡಿಯಿತು. ಫಕೀರಪ್ಪ ಮಂಚದ ಪಕ್ಕ ಕುಳಿತೇ ಇದ್ದ. ಅವಳು ಅವನನ್ನು ತನ್ನ ಸತ್ತ ಅಣ್ಣನೆಂದು ತಿಳಿದು ತವರಿನ ಸುದ್ದಿ ಕೇಳಿದಳು, ಅವನು ಅಣ್ಣನಾಗಿಯೇ ಸುದ್ದಿ ಹೇಳಿದ. ಕಂಬಳಿ ಕಿತ್ತೆಸೆದಳು, ಮತ್ತೆ ಹೊದಿಸಿದ. ಇಂದುಮತಿ ನೋಡಲು ಹೋದಾಗ ಅವನು ಕೇಳಿದ: "ಆ ಪಟ್ಟಿ ಕಟ್ಟಿದ್ರ ಈಗ ಹೆದರಿಕಿ ಕಡಿಮಿ ಆಗಂಗಿಲ್ಲೇನ್ರಿ ಆಕಿಗೆ? ಈಗಂತೂ ರೋಗ ಗೊತ್ತಾಗೇತಿ."

ಇಂದುಮತಿ ಯೋಚಿಸಿದರು. ರೋಗ ಗೊತ್ತಾಗಿದೆ, ಔಷಧ ನಡೆದಿದೆ, ಹೆದರಿಕೆ ಮಾತ್ರ ಉಳಿದಿದೆ. "ಕಡಿಮಿ ಆಗತೈತಿ," ಎಂದು ತಾವೇ ಪಟ್ಟಿ ಕಟ್ಟಿದರು. ಸಾಧನ ಕೆಟ್ಟದ್ದಾಗಿರಲಿಲ್ಲ. ಅದನ್ನು ಯಾರಿಗೆ ಕಟ್ಟಬೇಕು, ಯಾವಾಗ ಕಟ್ಟಬೇಕು ಎಂಬುದರಲ್ಲಿ ಅವರೆಲ್ಲ ಸೋತಿದ್ದರು. ಸ್ವಲ್ಪ ಹೊತ್ತಿನಲ್ಲಿ ಚಂದ್ರವ್ವ ಗಂಡನ ಮುಖ ನೋಡಿ, "ಗಡ್ಡ ಮಾಡ್ಕೊಂಡಿಲ್ಲಲ್ರೀ," ಎಂದಳು.

ಮಹಿಳಾ ವಾರ್ಡಿನವರಿಗೂ, ಚಂದ್ರವ್ವನಂತೆ ಮನೆಗೆ ಮರಳಿದವರಿಗೂ ಪಟ್ಟಿಗಳು ಉಳಿದವು, ಮಿಡಿತ ನಿಂತಿತು. ತೌಸೀಫ್ ಅವುಗಳನ್ನು ಬರೀ ಅಲೆ ಓದಿ, ಎಷ್ಟು ಮಿಡಿಯಬೇಕಾದೀತು ಎಂದು ಲೆಕ್ಕ ಹಾಕುವಂತೆ ಬದಲಿಸಿದ. ಸನ್ನಿ ಶುರುವಾದರೆ ಸೂಚನೆ ಬರುತ್ತದೆ. ಸನ್ನಿಗೆ ಕಾರಣ ಸಿಕ್ಕ ಮೇಲೆಯೇ, ವೈದ್ಯರು ಒಪ್ಪಿದರೆ ಮಾತ್ರ, ಮಿಡಿತ ಹಚ್ಚಬೇಕು. ಮಿತಿಯನ್ನು ಮತ್ತೆ ಎರಡಕ್ಕೆ ಇಳಿಸಿದರು. ಸದ್ದು ಮರಳಿ ಬಂತು. ಮೊದಲ ವಾರದಲ್ಲೇ ಒಬ್ಬಾಕೆಗೆ ಮೂತ್ರ ಕಟ್ಟಿದ್ದು ಸಿಕ್ಕಿತು, ಇನ್ನೊಬ್ಬಾಕೆಗೆ ಉಪ್ಪಿನಂಶ ಇಳಿದದ್ದು ಸಿಕ್ಕಿತು. ಮೂರನೆಯವಳಿಗೆ ಏನೂ ಸಿಗಲಿಲ್ಲ. ಅವಳು ಮೂರು ದಿನ ಅರಚಿ ತಾನಾಗಿ ಸುಮ್ಮನಾದಳು.

ಮೇಬಲ್ ಸಿಸ್ಟರ್ ಒಂದು ಸಂಜೆ ಇಂದುಮತಿಯ ಕೋಣೆಗೆ ಬಂದು, ಬಾಗಿಲು ಮುಚ್ಚಿ, "ಮೇಡಂ, ನೀವು ಮಾಡಿದ್ದು ಸರಿ ಐತಿ. ಅದನ್ನ ಹೇಳಾಕ ಬಂದೆ. ಆದ್ರ ನನಗ ಆಗವಲ್ದು. ವರ್ಗಾ ಕೇಳೇನಿ," ಎಂದರು. ಇಂದುಮತಿ ಅವರನ್ನು ತಡೆಯಲಿಲ್ಲ. ಸಿಸ್ಟರ್ ಹೋದ ಮೇಲೆ ಹೊಸಬರು ಬರಲು ನಾಲ್ಕು ತಿಂಗಳಾಯಿತು. ಅಷ್ಟರಲ್ಲಿ ಬೇರೆ ಆಸ್ಪತ್ರೆಗಳು ಮೌನವಾದ ವಾರ್ಡುಗಳ ವರದಿ ಕಳುಹಿಸಿ ಇಲಾಖೆಯಿಂದ ಮೆಚ್ಚುಗೆ ಪಡೆದವು. ಇಂದುಮತಿ ಸಾವಂತ್ರೆವ್ವನ ಶ್ರಮಾಂಕದ ಗೆರೆಯನ್ನು ಇಲಾಖೆಗೆ ಮೂರು ಸಲ ಕಳುಹಿಸಿದರು. ಮೂರನೆಯ ಸಲ, ಪರಿಶೀಲಿಸುತ್ತೇವೆ ಎಂಬ ಉತ್ತರ ಬಂತು.

ಮನೆಯಲ್ಲಿ ವತ್ಸಲಾ ಮತ್ತೆ ಒಬ್ಬರೇ ಉಣ್ಣತೊಡಗಿದರು. "ರಿಟೈರಾಗೋ ತನಕ ಇದು ಹಿಂಗ ಅನ್ನು," ಎಂದರು ಒಮ್ಮೆ, ಬೇಸರದಿಂದಲ್ಲ.

"ಹಿಂಗ ಅಕ್ಕಾ," ಎಂದರು ಇಂದುಮತಿ.

ಬೇಸಿಗೆಯ ಒಂದು ಮಧ್ಯಾಹ್ನ, ಇಬ್ಬರೂ ಅಪರೂಪಕ್ಕೆ ಜೊತೆಯಾಗಿ ಕುಳಿತು ಮೊದಲ ತುತ್ತು ಕಲಸುವಾಗ ಫಕೀರಪ್ಪನ ಫೋನು ಬಂತು. ಚಂದ್ರವ್ವ ಮುಂಜಾನೆಯಿಂದ ಒಂದು ತರಹ ಆಡುತ್ತಿದ್ದಾಳೆ, ಗೋಡೆಯ ಮೇಲೆ ನೀರು ಹರಿಯುತ್ತಿದೆ ಎನ್ನುತ್ತಾಳೆ, ತಾನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೇನೆ ಎಂದಷ್ಟೇ ಹೇಳಿ ಇಟ್ಟ. ಇಂದುಮತಿ ಕೈ ತೊಳೆದರು. ವತ್ಸಲಾ ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿದರು.

ಆಟೋದಲ್ಲಿ ಹೋಗುವಷ್ಟು ಹೊತ್ತೂ ಇಂದುಮತಿ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡರು. ಇವತ್ತು ಡ್ಯೂಟಿಯಲ್ಲಿ ಗುರುಬಸವ ಇರಲಾರ. ಹೊಸಬರು ಯಾರೋ ಇರುತ್ತಾರೆ. ಮೊದಲಿನಿಂದ ಶುರುಮಾಡಬೇಕು. ಹುಚ್ಚು ಬೇರೆ, ಸನ್ನಿ ಬೇರೆ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು.

ತುರ್ತು ವಿಭಾಗದ ಬಾಗಿಲಲ್ಲಿ ಹೊಸ ಲೇಡಿ ಡಾಕ್ಟರೊಬ್ಬಳು ಫಕೀರಪ್ಪನ ಎದುರು ನಿಂತಿದ್ದಳು. ಅವನು ಮಾತಾಡುತ್ತಿದ್ದ. ಇಂದುಮತಿ ಕಾರಿಡಾರಿನಲ್ಲೇ ನಿಂತು ಕೇಳಿದರು.

"ಹೌದ್ರಿ, ಹುಚ್ಚಾಸ್ಪತ್ರಿಯಾಗ ಇದ್ದಾಕಿ. ಅದನ್ನ ನಾ ಮುಚ್ಚಿಡಂಗಿಲ್ಲ. ಆದ್ರ ನಿನ್ನೆ ಸಂಜಿತನಕ ನೆಟ್ಟಗಿದ್ಲು. ನಿನ್ನೆ ನನ್ನ ಜೋಡಿ ಜಗಳಾಡ್ಯಾಳ. ಇದು ಆಕಿ ಹುಚ್ಚಲ್ರೀ, ಆಕಿ ಹುಚ್ಚು ನನಗ ಗೊತ್ತೈತಿ. ಇದು ಮೈಯಾಗಿಂದು. ಎರಡು ದಿನದಿಂದ ಉಚ್ಚಿ ಸರಿಯಾಗಿ ಹೋಗಿಲ್ಲ, ಕೆಮ್ಮಿಲ್ಲ, ಎಲ್ಲೂ ಬಿದ್ದಿಲ್ಲ. ಗುಳಿಗಿ ಇವು ನೋಡ್ರಿ. ಮಲಗೋ ಇಂಜೆಕ್ಷನ್ ಮಾತ್ರ ಈಗ ಕೊಡಬ್ಯಾಡ್ರಿ. ಆಕಿ ಒದರಿದ್ರ ಒದರಲಿ, ನಾ ಹಿಡ್ಕೊಂಡು ಕುಂಡರ್ತೇನಿ. ನೀವು ನೋಡ್ರಿ."

ಡಾಕ್ಟರ್ ಗುಳಿಗೆಗಳ ಹಾಳೆಯನ್ನು ತಿರುಗಿಸಿ ನೋಡಿದಳು. "ಉಚ್ಚಿ ಹೋಗಿಲ್ಲ ಅಂದ್ರ ಎಷ್ಟೊತ್ತಾತು ಕಡೀಕ ಹೋಗಿ?" ಎಂದು ಕೇಳುತ್ತಲೇ ಒಳಗೆ ನರ್ಸಿಗೆ ಏನನ್ನೋ ಹೇಳಿದಳು. ಸ್ಟ್ರೆಚರ್ ಬಂತು.

ಆಗ ಫಕೀರಪ್ಪ ಇಂದುಮತಿಯನ್ನು ಕಂಡ. "ಅಯ್ಯ, ನೀವ್ಯಾಕ ಬಂದ್ರಿ ಬಿಸಿಲಾಗ? ನಾ ಬರ್ರಿ ಅಂತ ಫೋನ್ ಮಾಡಿಲ್ರಿ. ನಿಮಗ ಗೊತ್ತಿರ್ಲಿ ಅಂತ ಮಾಡಿದೆ." ಅವನು ಅವರ ಮುಖವನ್ನು ನೋಡಿದ. "ಊಟ ಆಗಿಲ್ಲ, ಹೌದಿಲ್ಲ? ಇಲ್ಲೇ ಕುಂದರ್ರಿ. ಒಳಗ ನಾ ಇರ್ತೇನಿ."

ಅವನು ಸ್ಟ್ರೆಚರಿನ ಪಕ್ಕ, ಅವಳ ಸೀರೆಯ ಅಂಚನ್ನು ಕಾಲಿನ ಮೇಲೆ ಸರಿಪಡಿಸುತ್ತ ಒಳಗೆ ಹೋದ.

ಇಂದುಮತಿ ಗೋಡೆಗೆ ಒರಗಿದ ಬೆಂಚಿನ ಮೇಲೆ ಕುಳಿತರು. ಜೋಡಿಸಿಕೊಂಡಿದ್ದ ಮಾತುಗಳನ್ನು ಹೇಳಲು ಯಾರೂ ಇರಲಿಲ್ಲ. ಒಳಗಿನಿಂದ ಚಂದ್ರವ್ವ ನೀರು, ನೀರು ಬಂತು, ಕಾಲೆತ್ತಿರಿ ಎಂದು ಕೂಗುವುದು ಕೇಳುತ್ತಿತ್ತು. ಫಕೀರಪ್ಪ, ಎತ್ತೇನಿ, ನೀನೂ ಎತ್ತು ಎನ್ನುತ್ತಿದ್ದ. ಡಾಕ್ಟರ್ ನಳಿಕೆ ತರಲು ಯಾರಿಗೋ ಹೇಳುತ್ತಿದ್ದಳು. ಇಂದುಮತಿ ಕೂಗು ನಿಲ್ಲುವವರೆಗೆ ಕಾಯೋಣ ಎಂದುಕೊಂಡು ಕಣ್ಣು ಮುಚ್ಚಿದರು. ಕೂಗು ನಿಲ್ಲುವ ಮೊದಲೇ ಅವರಿಗೆ ನಿದ್ದೆ ಹತ್ತಿತು.